ಸೇರು ಮತ್ತು ಶೇರು

ಕೊಪ್ಪಳ ಸೀಮೆಯ ಹಿರಿಯರು ಪಾವು, ಅಚ್ಚೇರು, ಸೇರು ಎಂಬ ಲೆಕ್ಕದಲ್ಲಿ ಜೋಳವನ್ನು ಅಳೆದು ಬಾಳಿದವರು. ಈಗ ಅವರ ಮೊಮ್ಮಕ್ಕಳು ಕೈಯಲ್ಲಿ ಫೋನು ಹಿಡಿದು ಬೇರೊಂದು ಶೇರಿನ ಮಾತನ್ನಾಡುತ್ತಿರುವರು. ಮೊದಲನೆಯದು ತುಂಬಿದ್ದರೂ ಬರಿದಾಗಿದ್ದರೂ ಕಣ್ಣಿಗೆ ಕಾಣುವದು. ಎರಡನೆಯದಕ್ಕೆ ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನಕ್ಕೆ ಮತ್ತೊಂದು. ಆದುದರಿಂದ ಅದನ್ನು ಹಿರಿಯರು ಜೂಜೆಂದೂ ಕಿರಿಯರು ಐಶ್ವರ್ಯದ ಹೆಬ್ಬಾಗಿಲೆಂದೂ ತಿಳಿದಿದ್ದರೆ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ವಾಸ್ತವವಾಗಿ ಈ ವ್ಯವಸ್ಥೆಯ ತಿರುಳು ಇಲ್ಲಿಯ ರೈತನಿಗೆ ಅಪರಿಚಿತವಲ್ಲ. ಹೊಲವನ್ನು ಲಾವಣಿಗೆ ಹಾಕಿದರೆ ಮಳೆಯಾಗಲಿ ಬಿಡಲಿ, ಗೊತ್ತುಪಡಿಸಿದ ಹಣ ಬರತಕ್ಕದ್ದು. ಕೋರಿಗೆ ಹಾಕಿದರೆ ಬೆಳೆದದ್ದರಲ್ಲಿ ಪಾಲು. ಬೆಳೆಯದಿದ್ದರೆ ಏನೂ ಇಲ್ಲ. ಬ್ಯಾಂಕಿನ ಮುದ್ದತಿನ ಠೇವಣಿಯು ಲಾವಣಿಯಂತೆ, ಶೇರು ಕೋರಿನಂತೆ. ಶೇರನ್ನು ಕೊಂಡವನು ಕಂಪನಿಗೆ ಸಾಲ ಕೊಟ್ಟವನಲ್ಲ, ಅದರ ಪಾಲುಗಾರ. ಲಾಭವಾದರೆ ಲಾಭಾಂಶ ಬಂದೀತು, ಶೇರಿನ ಬೆಲೆಯೂ ಏರೀತು. ಕಂಪನಿ ಮುಳುಗಿದರೆ ಹಾಕಿದ ಹಣ ಹೋದೀತು. ಕೊಪ್ಪಳದವರಿಗೆ ಬೇವಿನಹಳ್ಳಿಯ ಕಿರ್ಲೋಸ್ಕರ ಫೆರಸ್, ಗಿಣಿಗೇರಿಯ ಕಲ್ಯಾಣಿ ಸ್ಟೀಲ್ಸ್ ಎಂಬ ಕಾರಖಾನೆಗಳ ಹೆಸರುಗಳು ಚೆನ್ನಾಗಿ ಗೊತ್ತು. ಇವುಗಳ ಪಾಲುಗಳು ಮುಂಬಯಿಯ ಶೇರು ಪೇಟೆಯಲ್ಲಿ ದಿನಾಲೂ ಮಾರಾಟವಾಗುತ್ತಿರುವವೆಂಬುದು ಎಷ್ಟು ಜನರಿಗೆ ಗೊತ್ತಿದೆಯೋ! ಹಾಗೆಂದು ಊರ ಹತ್ತಿರದ ಕಾರಖಾನೆಯೆಂಬ ಕಾರಣಕ್ಕೆ ಅದರ ಶೇರನ್ನೇ ಕೊಳ್ಳುವದು ಜಾಣತನವಲ್ಲ. ಚಿಮಣಿಯ ಹೊಗೆಯನ್ನು ನೋಡಿ ಕಂಪನಿಯ ಸಾಲವೆಷ್ಟೆಂದು ಹೇಳಲಾದೀತೇ? ಒಂದು ಕಾರಖಾನೆಯ ಸಂಬಳದಿಂದಲೇ ಬದುಕುವವನಂತೂ ತನ್ನ ಉಳಿತಾಯವನ್ನೂ ಅದೇ ಕಾರಖಾನೆಯಲ್ಲಿಟ್ಟರೆ ಒಂದೇ ಪೆಟ್ಟಿಗೆ ಎರಡನ್ನೂ ಕಳೆದುಕೊಳ್ಳುವ ಅಪಾಯವುಂಟು.

ಶೇರು ಕೊಳ್ಳುವದು ಹೇಗೆಂದು ಎಲ್ಲರೂ ಕೇಳುವರು. ಯಾವ ಹಣದಿಂದ ಎಂಬುದನ್ನು ಕೇಳುವವರು ವಿರಳ. ಆದರೆ ಮೊದಲು ಕೇಳತಕ್ಕದ್ದು ಇದನ್ನೇ. ಗಂಗಾವತಿಯ ಕಡೆಗೆ 1953ರಲ್ಲಿ ತುಂಗಭದ್ರೆಯ ಕಾಲುವೆಯ ನೀರು ಬರತೊಡಗಿತು. ಭತ್ತದ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಬಂದವು. ಕುಷ್ಟಗಿ, ಯಲಬುರ್ಗಿಗಳದು ಮಳೆಯನ್ನೇ ನಂಬಿದ ಬೆದ್ದಲು ಭೂಮಿ. ಅಲ್ಲಿ ಒಂದು ಮುಂಗಾರು ಕೈಕೊಟ್ಟರೆ ಮನೆಯ ಅರ್ಧ ಮಂದಿ ಗುಳೆ ಹೊರಡಬೇಕಾಗುವದು. ಬರಗಾಲ ಬಂದ ತಿಂಗಳಲ್ಲಿಯೇ ಪೇಟೆಯೂ ಬಿದ್ದಿದ್ದರೆ, ನೂರಕ್ಕೆ ಕೊಂಡ ಶೇರನ್ನು ಅರವತ್ತಕ್ಕೆ ಮಾರಿ ಹೊಟ್ಟೆ ಹೊರೆಯಬೇಕಾದೀತು. ನೀರಾವರಿಯವರಾದರೂ ನಿಶ್ಚಿಂತರೆಂದು ತಿಳಿಯಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟಿನ ಸರಪಳಿ ಹರಿದು ತುಂಬಿದ ಜಲಾಶಯದ ನೀರು ಹೊಳೆಯ ಪಾಲಾಗುತ್ತಿದ್ದಾಗ, ಎರಡನೆಯ ಬೆಳೆಯ ಗತಿಯೇನೆಂದು ಗಂಗಾವತಿಯ ಒಕ್ಕಲಿಗರು ತಲೆಯ ಮೇಲೆ ಕೈಹೊತ್ತಿರಲಿಲ್ಲವೇ? ಆ ವರ್ಷ ಮಳೆರಾಯ ಕೃಪೆಮಾಡಿದುದರಿಂದ ಜಲಾಶಯವು ಮತ್ತೆ ತುಂಬಿತೆಂಬುದು ಬೇರೆ ಮಾತು.

ಆದುದರಿಂದ ಸಾಲವಿದ್ದವನು ಮೊದಲು ಸಾಲವನ್ನು ತೀರಿಸತಕ್ಕದ್ದು. ಹಳ್ಳಿಯ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಾದರೆ ವರ್ಷಕ್ಕೆ 36 ಆಯಿತು. ಅಷ್ಟು ಆದಾಯವನ್ನು ಖಚಿತವಾಗಿ ಕೊಡುವ ಶೇರು ಯಾವ ಪೇಟೆಯಲ್ಲಿಯೂ ಇಲ್ಲ. ಎರಡನೆಯದಾಗಿ, ಆರು ತಿಂಗಳ ಮನೆಖರ್ಚಿನಷ್ಟು ಹಣ ಬ್ಯಾಂಕಿನಲ್ಲಿರಬೇಕು. 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯುಂಟು. ಶೇರಿನ ಬೆಲೆಗೆ ಅಂಥ ರಕ್ಷೆಯಿಲ್ಲ. ಹಾಗಾದರೆ ಠೇವಣಿಯೇ ಸಾಲದೇ ಎಂದು ಕೇಳಬಹುದು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಇಂದು 100 ರೂಪಾಯಿಗೆ ಬರುವ ಜೋಳಕ್ಕೆ ಹನ್ನೆರಡು ವರ್ಷಗಳ ತರುವಾಯ ಸುಮಾರು 200 ತೆರಬೇಕಾಗುವದು. ಬಡ್ಡಿಯೂ ಅಷ್ಟೇ ಇದ್ದರೆ ಹಣ ಬೆಳೆದಂತೆ ತೋರುವದೇ ಹೊರತು ಅದರಿಂದ ಬರುವ ಜೋಳ ಒಂದು ಸೇರೂ ಹೆಚ್ಚಾಗುವದಿಲ್ಲ. ದೂರದ ಕಾಲಕ್ಕಾಗಿ ಇಡುವ ಹಣದಲ್ಲಿ ಒಂದು ಪಾಲನ್ನು ಕೋರಿಗೆ ಹಾಕಬೇಕೆನ್ನುವದು ಇದಕ್ಕಾಗಿಯೇ.

ಯಲಬುರ್ಗಿಯಲ್ಲಿ ತಿಂಗಳಿಗೆ 2,000 ರೂಪಾಯಿ ಉಳಿಸಬಲ್ಲ ಉಪಾಧ್ಯಾಯರೊಬ್ಬರಿರುವರೆಂದು ಭಾವಿಸಬಹುದು. ಮನೆಖರ್ಚು 15,000 ಆದರೆ ಆರು ತಿಂಗಳಿಗೆ 90,000 ಬೇಕು. ಅದು ಕೂಡುವವರೆಗೆ ಶೇರಿನ ಕಡೆಗೆ ಕಣ್ಣೆತ್ತಿ ನೋಡಕೂಡದೆಂದರೆ ನಾಲ್ಕು ವರ್ಷ ಕಾಯಬೇಕಾಗುವದು. ಅಷ್ಟು ತಾಳ್ಮೆ ಯಾರಿಗಿದೆ? 1,500ನ್ನು ಬ್ಯಾಂಕಿಗೂ 500ನ್ನು ಶೇರಿಗೂ ಹಾಕಿದರೆ ಐದು ವರ್ಷಗಳಲ್ಲಿ ಬ್ಯಾಂಕಿನ ಗಂಟೂ ಪೂರ್ತಿಯಾಗುವದು, ಅಷ್ಟರಲ್ಲಿ ಪೇಟೆಯ ಏರಿಳಿತವೂ ಪರಿಚಯವಾಗುವದು. ಈ ಕಲಿಕೆಗೆ ಒಡ್ಡಿದ ಹಣ ಒಟ್ಟು 30,000 ಮಾತ್ರ.

ಹೀಗೆ ಚಿಕ್ಕ ಮೊತ್ತವನ್ನು ತಪ್ಪದೆ ಕಟ್ಟುವ ರೂಢಿಯು ಕನ್ನಡಿಗರಿಗೆ ಹೊಸದಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿಯೇ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ಈಗ ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತು 500 ರೂಪಾಯಿ ಅಥವಾ ಅದಕ್ಕೂ ಕಡಿಮೆ ಇರಬಹುದು. ಪ್ಯಾನ್, ಆಧಾರ್, ಬ್ಯಾಂಕಿನ ಖಾತೆ ಇವಿಷ್ಟಿದ್ದರೆ ಸಾಕು. ಬಿಡಿ ಶೇರುಗಳನ್ನೇ ಕೊಳ್ಳುವವನು ಡಿಮ್ಯಾಟ್ ಖಾತೆಯನ್ನು ತೆರೆಯಬೇಕು. 1996ರ ಡಿಪಾಜಿಟರಿ ಶಾಸನದ ತರುವಾಯ ಕಾಗದದ ಸರ್ಟಿಫಿಕೇಟುಗಳ ಸ್ಥಾನದಲ್ಲಿ ಈ ಖಾತೆಯ ಲೆಕ್ಕ ಬಂದಿದೆ. ಹೊಸಬನಿಗೆ ಹೇಳಿಸಿದ್ದು ಸೂಚ್ಯಂಕ ನಿಧಿ. ನಿಫ್ಟಿಯಲ್ಲಿ 50 ದೊಡ್ಡ ಕಂಪನಿಗಳುಂಟು. ಅದನ್ನನುಸರಿಸುವ ನಿಧಿಗೆ ಹಾಕಿದ ಹಣ ಎಲ್ಲ ಐವತ್ತರಲ್ಲಿಯೂ ಹಂಚಿಹೋಗುವದು. ಅಕ್ಕಡಿ ಸಾಲು ಹಾಕುವ ರೈತನಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಎಲ್ಲ ಸಾಲುಗಳೂ ಒಟ್ಟಿಗೆ ಒಣಗುವ ವರ್ಷಗಳಿರುವವು. ಮುಂಬಯಿಯ ಸೆನ್ಸೆಕ್ಸ್ ಸೂಚ್ಯಂಕವು 2008ರ ಜನವರಿಯಲ್ಲಿ 21,000 ದಾಟಿ, ಅಕ್ಟೋಬರಿನಲ್ಲಿ 9,000ಕ್ಕೂ ಕೆಳಗಿಳಿಯಿತು. ಮತ್ತೆ 21,000 ಕಂಡದ್ದು 2010ರ ದೀಪಾವಳಿಗೆ. 2020ರ ಜನವರಿಯಲ್ಲಿ 42,000ದ ಹತ್ತಿರವಿದ್ದುದು ಮಾರ್ಚಿನಲ್ಲಿ 26,000ಕ್ಕೆ ಬಿದ್ದು, ವರ್ಷಾಂತ್ಯಕ್ಕೆ 47,000 ಮೀರಿತು. ಮಗಳ ಮದುವೆ ಬರುವ ವರ್ಷವೇ ಇರುವ ತಂದೆಗೆ ಈ ಚೇತರಿಕೆಯಿಂದ ಏನು ಪ್ರಯೋಜನ? ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ಹಣಕ್ಕೆ ಮಾತ್ರ ಇಲ್ಲಿ ಸ್ಥಳವುಂಟು.

ತರುಣರನ್ನು ಸೆಳೆಯುತ್ತಿರುವದು ಮಾತ್ರ ಈ ನಿಧಾನದ ಹಾದಿಯಲ್ಲ. ಫ್ಯೂಚರ್ಸ್ ಹಾಗೂ ಆಪ್ಶನ್ಸ್ ಎಂಬ ವಾಯಿದೆಯ ವ್ಯಾಪಾರದಲ್ಲಿ ಬೆಳಿಗ್ಗೆ ಹಾಕಿದ ಹಣ ಸಂಜೆಗೆ ಇಮ್ಮಡಿಯಾದೀತೆಂಬ ಆಸೆ. ಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ ಮಂಡಳಿಯು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಿಂದಿನ ಮೂರು ವರ್ಷಗಳಲ್ಲಿ ಈ ವ್ಯಾಪಾರಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಾನಿಯನ್ನನುಭವಿಸಿದರು. ಕಳೆದುಹೋದ ಹಣ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಹಿರಿಯರು ಜೂಜೆಂದದ್ದು ಇದನ್ನಾದರೆ ಅವರ ಮಾತಿಗೆ ಎದುರಾಡುವಂತಿಲ್ಲ. ಫೋನಿನ ಗುಂಪಿಗೆ ಕರೆದು, ತಿಂಗಳಿಗೆ ನೂರಕ್ಕೆ ಹತ್ತು ಖಂಡಿತ ಎನ್ನುವವನು ಇನ್ನೂ ಬೇರೆಯ ಜಾತಿಯವನು. ಕೋರಿನ ಹೊಲಕ್ಕೆ ಲಾವಣಿಯ ಭರವಸೆ ಕೊಡುವವನ ನೋಂದಣಿಯನ್ನು ಸೆಬಿಯ ಜಾಲತಾಣದಲ್ಲಿ ಹುಡುಕಿ ನೋಡುವವರೆಗೆ ಅವನಿಗೆ ಒಂದು ಪೈಯನ್ನೂ ಕೊಡಕೂಡದು.

ಇನ್ನೊಂದು ಮಾತು ಗೃಹಿಣಿಯರಿಗೆ ಸಂಬಂಧಿಸಿದ್ದು. ಹಿಂದಿನ ಮನೆಗಳಲ್ಲಿ ಹಗೇವು ಎಲ್ಲಿದೆ, ಅದರಲ್ಲಿ ಎಷ್ಟು ಚೀಲ ಜೋಳವಿದೆ ಎಂಬುದು ಮನೆಯವರೆಲ್ಲರಿಗೂ ಗೊತ್ತಿರುತ್ತಿತ್ತು. ಡಿಮ್ಯಾಟ್ ಖಾತೆಯಿರುವದಾದರೋ ಯಜಮಾನನ ಫೋನಿನಲ್ಲಿ, ಅವನಿಗೊಬ್ಬನಿಗೇ ಗೊತ್ತಿರುವ ಗುಪ್ತಪದದ ಹಿಂದೆ. ಖಾತೆ ತೆರೆಯುವ ದಿನವೇ ನಾಮನಿರ್ದೇಶನದ ಕಾಲಂನಲ್ಲಿ ಹೆಂಡತಿಯ ಅಥವಾ ಮಕ್ಕಳ ಹೆಸರನ್ನು ಬರೆಯಿಸಿ, ಆ ಸಂಗತಿಯನ್ನು ಅವರಿಗೂ ತಿಳಿಸತಕ್ಕದ್ದು. ಸತತವಾಗಿ ಏಳು ವರ್ಷ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಆ ಹಣವೂ ಶೇರುಗಳೂ ಕೇಂದ್ರ ಸರಕಾರದ ಹೂಡಿಕೆದಾರರ ನಿಧಿಗೆ ಹೋಗುವವು. ವಾರಸುದಾರರು ಅವನ್ನು ಮರಳಿ ಪಡೆಯಬಹುದು. ಆದರೆ ಅದಕ್ಕೆ ಅರ್ಜಿ, ದಾಖಲೆ, ಓಡಾಟ ಎಲ್ಲವೂ ಬೇಕಾಗುವವು.