ಹದಿನೇಳು ಕೊಡೋ

ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ

ತಿಪಟೂರಿನ ಬಿ.ಎಚ್. ರಸ್ತೆ ಪಕ್ಕದ ಗ್ಯಾರೇಜು. ಭಾವಮೈದನ ಪಿಕಪ್ ನಾಲ್ಕು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿದೆ. ಕೊಬ್ಬರಿ ಚೀಲ ಹೇರಿಕೊಂಡು ಅರಸೀಕೆರೆ ಕಡೆ ಹೋಗುವಾಗ ಕ್ಲಚ್ ಜಾರಲು ಶುರುವಾಯಿತಂತೆ. ಗೇರ್ ಬಾಕ್ಸ್ ಇಳಿಸದೆ ಕ್ಲಚ್ ಪ್ಲೇಟಿನ ತನಕ ಕೈ ಹೋಗುವುದಿಲ್ಲ, ಹಾಗಾಗಿ ಎರಡು ದಿನದ ಕೆಲಸ. "ಭಾವ, ನೀವು ಸ್ವಲ್ಪ ನೋಡ್ಕೊಂಡಿರಿ" ಅಂತ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಅವನು ಮಾರ್ಕೆಟ್ಟಿಗೆ ಹೋದ. ಏನನ್ನು ನೋಡಿಕೊಳ್ಳಬೇಕು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸನ್ನೆಕೋಲಿನ ಪಾಠ ಮಾಡಿದವನು ನಾನು. ಸ್ಪ್ಯಾನರ್ ಹಿಡಿದು ಒಂದು ಸೈಕಲ್ಲನ್ನೂ ಬಿಚ್ಚಿದವನಲ್ಲ.

ಇಲ್ಲಿ ಸ್ಪ್ಯಾನರಿಗೆ ಹೆಸರಿಲ್ಲ, ನಂಬರ್ ಮಾತ್ರ. "ಹದಿನೇಳು ಕೊಡೋ." "ಹತ್ತೊಂಬತ್ತು, ರಿಂಗು." ಹದಿನೇಳು ಅನ್ನುವುದು ಬೋಲ್ಟಿನ ತಲೆಯ ಅಳತೆ, ಮೈಯ ಅಳತೆಯಲ್ಲ ಅಂತ ನನಗೆ ಗೊತ್ತಾಗಲು ಒಂದು ಗಂಟೆ ಹಿಡಿಯಿತು. ಹದಿನೇಳರ ತಲೆ ಕೆಳಗೆ ಇರುವುದು ಹತ್ತು ಮಿಲಿಮೀಟರ್ ದಪ್ಪದ ಬೋಲ್ಟು. ಹತ್ತೊಂಬತ್ತರ ಕೆಳಗೆ ಹನ್ನೆರಡರದು. ತಲೆಯ ಮೇಲೆ 8.8 ಅಂತ ಉಬ್ಬಕ್ಷರ. ಅದೇನು ಅಂತ ಹುಡುಗನನ್ನು ಕೇಳಿದೆ. "ಕಂಪನಿ ಮಾಲು ಅಂತ ಸಾರ್" ಅಂದ.

ಹನ್ನೊಂದೂವರೆ

ಹುಡುಗ ಆಯಿಲ್ ಡಬ್ಬ ಬಂದ ರಟ್ಟಿನ ಪೆಟ್ಟಿಗೆ ಹರಿದು, ಅದರ ಮೇಲೆ ಗೇರ್ ಬಾಕ್ಸಿನ ಮೂತಿಯ ಆಕಾರವನ್ನು ಪೆನ್ನಿನಲ್ಲಿ ಬರೆದ. ಗುಡಿಯ ಗಂಟೆಯನ್ನು ಅಡ್ಡ ಮಲಗಿಸಿದ ಹಾಗೆ ಇರುವ ಈ ಮೂತಿಗೆ ಬೆಲ್ ಹೌಸಿಂಗ್ ಅನ್ನುತ್ತಾರೆ. ಎಂಜಿನ್ನಿಗೆ ಅಂಟಿ ನಿಲ್ಲುವುದು ಇದೇ. ಒಂದೊಂದು ಬೋಲ್ಟು ಬಿಚ್ಚಿದ ಹಾಗೆ, ಅದು ಇದ್ದ ಜಾಗದಲ್ಲೇ ರಟ್ಟಿಗೆ ತೂತು ಮಾಡಿ ಸಿಕ್ಕಿಸುತ್ತಾ ಹೋದ. ಒಟ್ಟು ಒಂಬತ್ತು. ಸ್ಟಾರ್ಟರ್ ಮೋಟರನ್ನು ಹಿಡಿದಿದ್ದವೂ ಇದರಲ್ಲೇ ಸೇರಿವೆ. ಯಾಕಪ್ಪಾ ಇಷ್ಟು ಶಿಸ್ತು ಅಂದೆ. ಒಂದರ ಉದ್ದ ಇನ್ನೊಂದಕ್ಕಿಲ್ಲವಂತೆ. ಎಣಿಸಿ ನೋಡಿದೆ, ನಾಲ್ಕು ತರಹದ ಉದ್ದ.

ಮೇಲಿನ ಎರಡು ಬೋಲ್ಟು ಕಣ್ಣಿಗೇ ಕಾಣುವುದಿಲ್ಲ. ಮೇಸ್ತ್ರಿ ಗಾಡಿ ಕೆಳಗೆ ಮಲಗಿ, ಒಂದು ಮಾರುದ್ದದ ಎಕ್ಸ್‌ಟೆನ್ಶನ್ ರಾಡನ್ನು ಗೇರ್ ಬಾಕ್ಸಿನ ಬೆನ್ನ ಮೇಲೆ ಹಾಯಿಸಿ, ಕಣ್ಣು ಮುಚ್ಚಿಕೊಂಡರು. ನಿಜವಾಗಿಯೂ ಮುಚ್ಚಿಕೊಂಡರು. ಸಾಕೆಟ್ಟು ಬೋಲ್ಟಿನ ತಲೆ ಮೇಲೆ ಕೂತಾಗ ಮುಖ ಸಡಿಲವಾಯಿತು.

ಮಧ್ಯಾಹ್ನ

ಬಾಕ್ಸ್ ಇಳಿಯಿತು. ಮೇಸ್ತ್ರಿ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಬೀಡಿ ಹಚ್ಚಿ, "ಮೇಷ್ಟ್ರೇ, ಇಲ್ನೋಡಿ" ಅಂದರು.

ಹೌಸಿಂಗಿನ ಎಡಗಿವಿ ಸೀಳಿದೆ. ಬೋಲ್ಟು ತೂರುವ ಚಾಚಿಗೆ ಇವರು ಕಿವಿ ಅನ್ನುತ್ತಾರೆ. ಆರು ತಿಂಗಳ ಹಿಂದೆ ಹೈವೇ ಮೇಲಿನ ಯಾವುದೋ ಗ್ಯಾರೇಜಿನಲ್ಲಿ ಇದೇ ಕ್ಲಚ್ ಕೆಲಸ ಆಗಿತ್ತು. ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದನ್ನು ಮೇಸ್ತ್ರಿ ಪತ್ತೇದಾರಿಕೆ ಮಾಡುವವರ ಹಾಗೆ ಬಿಡಿಸಿ ಹೇಳಿದರು. ಗೇರ್ ಬಾಕ್ಸಿನ ಮೂಗಿನಿಂದ ಹೊರಚಾಚಿದ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳ ಒಳಗೆ ಸಲೀಸಾಗಿ ತೂರಬೇಕು. ಪ್ಲೇಟು ನಡುಮಧ್ಯ ಕೂತಿರದಿದ್ದರೆ ತೂರುವುದಿಲ್ಲ, ಬಾಕ್ಸು ಎಂಜಿನ್ನಿಂದ ಎರಡು ಬೆರಳು ದೂರದಲ್ಲಿ ನಿಂತುಬಿಡುತ್ತದೆ. ಆಗ ಬಾಕ್ಸನ್ನು ಹಿಂದಕ್ಕೆ ತೆಗೆದು ಮತ್ತೆ ನೋಡಬೇಕು. ತಾಳ್ಮೆ ಇಲ್ಲದವರು ಉದ್ದದ ಬೋಲ್ಟು ಹಾಕಿ, ತಿರುಗಿಸಿ ತಿರುಗಿಸಿ ಎಳೆದುಬಿಡುತ್ತಾರೆ. ಹೌಸಿಂಗು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಸೋಲುವುದು ಯಾವುದು ಅಂತ ಕೇಳಬೇಕಾಗಿಯೇ ಇಲ್ಲ.

"ಬೋಲ್ಟು ಹಿಡ್ಕೊಳ್ಳೋಕ್ಕೆ ಇರೋದು ಮೇಷ್ಟ್ರೇ, ಎಳಿಯೋಕ್ಕಲ್ಲ."

ಸರಿಯಾಗಿ ಕೂತರೆ ಬಾಕ್ಸು ಬೋಲ್ಟೇ ಇಲ್ಲದೆ, ಬರೀ ಕೈಯಲ್ಲಿ ದಬ್ಬಿದರೆ ಎಂಜಿನ್ನಿನ ಮೈಗೆ ಅಂಟಬೇಕಂತೆ.

ಅಷ್ಟೇ ಅಲ್ಲ. ಎಂಜಿನ್ನಿಗೂ ಹೌಸಿಂಗಿಗೂ ನಡುವೆ ಎರಡು ಗಿಡ್ಡ ಟೊಳ್ಳು ಪಿನ್ನು ಇರುತ್ತವೆ, ಡೋವೆಲ್ ಅಂತ. ಬಾಕ್ಸು ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಜಾಗ ಗೊತ್ತುಮಾಡುವುದು ಅವು, ಬೋಲ್ಟಲ್ಲ. ಈ ಗಾಡಿಯಲ್ಲಿ ಒಂದೇ ಪಿನ್ನಿದೆ. ಇನ್ನೊಂದು ಆರು ತಿಂಗಳ ಹಿಂದೆ ಯಾವ ನೆಲದ ಎಣ್ಣೆಯಲ್ಲಿ ಉರುಳಿ ಹೋಯಿತೋ. ಪಿನ್ನಿಲ್ಲದಿದ್ದರೂ ಒಂಬತ್ತು ಬೋಲ್ಟೂ ಚೆನ್ನಾಗಿ ಬಿಗಿಯಾಗುತ್ತವೆ, ಹೊರಗಿನಿಂದ ನೋಡಿದವನಿಗೆ ಏನೂ ಗೊತ್ತಾಗುವುದಿಲ್ಲ. ಮೊದಲ ಗೇರಿನಲ್ಲಿ ಕೊರ್ ಅನ್ನುತ್ತೆ ಅಂತ ಭಾವಮೈದ ಗೊಣಗುತ್ತಿದ್ದ. ಡೀಸೆಲ್ ಸರಿ ಇಲ್ಲ ಅಂತ ನಾನು ಸಮಾಧಾನ ಹೇಳಿದ್ದೆ.

ಇನ್ನೊಂದು ವಿಚಿತ್ರ. ಗಿಡ್ಡ ತೂತಿಗೆ ಉದ್ದ ಬೋಲ್ಟು ಹಾಕಿದ್ದರು. ತುದಿ ತಳಕ್ಕೆ ತಾಗಿ ನಿಂತಿದೆ, ತಲೆ ಇನ್ನೂ ಮೈಗೆ ತಾಗಿಲ್ಲ. ಸ್ಪ್ಯಾನರಿಗೆ ಬಿಗಿ, ಹೌಸಿಂಗಿಗೆ ಸಡಿಲ. ರಟ್ಟಿನ ಚಿತ್ರ ಯಾಕೆ ಬೇಕು ಅಂತ ಈಗ ಅರ್ಥವಾಯಿತು.

ರಾತ್ರಿ, ಮನೆಯಲ್ಲಿ

ಊಟಕ್ಕೆ ಮುಂಚೆಯೇ ಪುಸ್ತಕ ತೆಗೆದೆ. ಬಿಗಿ ಅಂದರೇನು?

ನಾನು ತಿಳಿದಿದ್ದು, ಬೋಲ್ಟು ಗೂಟದ ಹಾಗೆ ಅಡ್ಡ ನಿಂತು ತಡೆಯುತ್ತದೆ ಅಂತ. ಹಾಗಲ್ಲ. ಬಿಗಿದಾಗ ಅದು ಹಿಗ್ಗುತ್ತದೆ, ತಂಬೂರಿಯ ತಂತಿ ಹಿಗ್ಗುವ ಹಾಗೆ. ಹತ್ತು ಮಿಲಿಮೀಟರಿನ 8.8 ಬೋಲ್ಟನ್ನು ಹದವಾಗಿ ಬಿಗಿದರೆ ಸುಮಾರು ಎರಡೂವರೆ ಟನ್ ಬಲದಲ್ಲಿ ಎರಡು ಲೋಹಗಳನ್ನು ಒತ್ತಿ ಹಿಡಿಯುತ್ತದೆ. ಕಿರುಬೆರಳ ದಪ್ಪದ ಕಬ್ಬಿಣ! ಅಷ್ಟು ಬಲಕ್ಕೆ ಅದು ಹಿಗ್ಗುವುದು ಹೆಚ್ಚೆಂದರೆ ತಲೆಗೂದಲ ದಪ್ಪದಷ್ಟು. ಆ ಕೂದಲೆಳೆಯೇ ಎಲ್ಲ. ಕಮ್ಮಿಯಾದರೆ ಹೌಸಿಂಗು ಅಲುಗುತ್ತದೆ. ಜಾಸ್ತಿಯಾದರೆ ಬೋಲ್ಟು ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿದುಬಿಡುತ್ತದೆ, ಇಲ್ಲವೇ ಅಲ್ಯೂಮಿನಿಯಂ ಥ್ರೆಡ್ಡು ಕಿತ್ತು ಬರುತ್ತದೆ.

ಇದನ್ನು ಭಾವಮೈದನಿಗೆ ಊಟದ ಹೊತ್ತಿನಲ್ಲಿ ವಿವರಿಸಲು ಹೋದೆ. ಅವನು ಅನ್ನ ಕಲಸುತ್ತಲೇ, "ಲೋಡಿಗೆ ಹಗ್ಗ ಬಿಗಿದಂಗೆ ಅಲ್ವಾ ಭಾವ" ಅಂದ. "ಹಗ್ಗ ಚೀಲಾನ ತಡಿಯಲ್ಲ. ಹಗ್ಗ ಒತ್ತುತ್ತೆ, ಚೀಲ ಚೀಲಾನ ಹಿಡ್ಕೊಳುತ್ತೆ." ನಾನು ಎರಡು ಗಂಟೆ ಓದಿದ್ದು ಇಷ್ಟೇ.

8.8ರ ಒಗಟೂ ಬಗೆಹರಿಯಿತು. ಮೊದಲ ಎಂಟಕ್ಕೆ ಅರ್ಥ, ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆದರೆ ತುಂಡಾಗುತ್ತದೆ ಅಂತ. ಚುಕ್ಕಿಯ ಆಚೆಯ ಎಂಟು, ಅದರ ಹತ್ತರಲ್ಲಿ ಎಂಟು ಪಾಲಿಗೇ, ಅಂದರೆ 640ಕ್ಕೇ, ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗುತ್ತದೆ ಅಂತ. ಒಂದು ಬೋಲ್ಟಿನ ತಲೆ ಮೇಲೆ ಅದರ ಸಾವೂ ಅದಕ್ಕೆ ಮುಂಚಿನ ಕಾಯಿಲೆಯೂ ಬರೆದಿದೆ. ಕಂಪನಿ ಮಾಲು ಅಂದ ಹುಡುಗನದ್ದು ತೀರಾ ತಪ್ಪೇನಲ್ಲ.

ಶನಿವಾರ, ಒಂಬತ್ತೂವರೆ

ಸೀಳಿದ ಕಿವಿಗೆ ರಾತ್ರಿಯೇ ಆರ್ಗಾನ್ ವೆಲ್ಡಿಂಗ್ ಆಗಿ ಬಂದಿದೆ. ಹೊಸ ಡೋವೆಲ್ಲೂ ಸಿಕ್ಕಿದೆ. ಕ್ಲಚ್ ಪ್ಲೇಟನ್ನು ನಡುಮಧ್ಯ ಕೂರಿಸಲು ಮೇಸ್ತ್ರಿ ಹಳೆಯ ಗೇರ್ ಬಾಕ್ಸಿನಿಂದ ಕಿತ್ತ ಶಾಫ್ಟೊಂದನ್ನು ತೂರಿಸಿ, ಪ್ರೆಷರ್ ಪ್ಲೇಟು ಬಿಗಿದು, ಶಾಫ್ಟನ್ನು ಹೊರಗೆಳೆದರು. ಹುಡುಗ ಟ್ರಾಲಿ ಜಾಕಿ ಮೇಲೆ ಹಲಗೆ ಇಟ್ಟು ಬಾಕ್ಸನ್ನು ಎತ್ತಿದ. ಇಬ್ಬರೂ ಅಲ್ಲಾಡಿಸುತ್ತಾ, ಒಬ್ಬ ಹಿಂದಿನಿಂದ ಶಾಫ್ಟು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ದಬ್ಬಿದರು. ಎರಡು ಸಲ ನಿಂತಿತು. ಎರಡು ಸಲವೂ ಹಿಂದಕ್ಕೆ ತೆಗೆದರು. ಮೂರನೇ ಸಲ 'ಡಬ್' ಅಂತ ಒಂದು ಮೆತ್ತನೆಯ ಸದ್ದು. ಮೇಸ್ತ್ರಿ ಸುತ್ತ ಉಗುರು ಆಡಿಸಿ ನೋಡಿದರು, ಎಲ್ಲೂ ಸಂದಿ ಇಲ್ಲ. ಬೋಲ್ಟುಗಳೆಲ್ಲ ಆಗಿನ್ನೂ ರಟ್ಟಿನಲ್ಲೇ ಇದ್ದವು.

ಮುಂದಿನದು ಚಕ್ರದ ನಟ್ಟಿನ ಹಾಗೆ. ಎಲ್ಲವನ್ನೂ ಮೊದಲು ಬೆರಳಲ್ಲಿ ಹತ್ತಿಸಿದರು. ಆಮೇಲೆ ಒಂದು ಇಲ್ಲಿ, ಅದರ ಎದುರಿನದು ಅಲ್ಲಿ, ಸ್ವಲ್ಪ ಸ್ವಲ್ಪವೇ ಮೂರು ಸುತ್ತು. ಒಂದು ಬೋಲ್ಟು ಬೆರಳಿಗೆ ಹತ್ತಲಿಲ್ಲ. ಹುಡುಗ ಸ್ಪ್ಯಾನರಿಗೆ ಕೈ ಹಾಕಿದ ತಕ್ಷಣ ಬೈಗುಳ ಬಿತ್ತು. ಬೆರಳಿಗೆ ಹತ್ತದ್ದು ಸ್ಪ್ಯಾನರಿಗೆ ಹತ್ತಿದರೆ ಅದು ಅಡ್ಡಥ್ರೆಡ್ಡು.

ಹುಡುಗ ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಒಳ್ಳೆಯದಾಗಲಿ ಅಂತ ಆಯಿಲಿನಲ್ಲಿ ಅದ್ದಿಯೂ ಇಟ್ಟಿದ್ದ. ಮೇಸ್ತ್ರಿ ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿದರು. ಯಾಕೆ ಅಂದರೆ "ಆಯಿಲ್ ಇದ್ರೆ ಓಡಿಹೋಗುತ್ತೆ" ಅಂದರು. ನಿನ್ನೆ ರಾತ್ರಿ ಓದಿದ್ದಕ್ಕೆ ಇದು ಸರಿಯಾಗಿ ಕೂಡುತ್ತದೆ. ಬೋಲ್ಟು ತಿರುಗಿಸಲು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ, ನೂರರಲ್ಲಿ ನಲವತ್ತು ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ನಿಜವಾಗಿ ಹಿಗ್ಗಿಸಲು ಉಳಿಯುವುದು ಹತ್ತು. ಎಣ್ಣೆ ಹಚ್ಚಿದರೆ ಉಜ್ಜಾಟ ಕಮ್ಮಿಯಾಗಿ, ಅದೇ ಬಲಕ್ಕೆ ಬೋಲ್ಟು ಇನ್ನೂ ಹಿಗ್ಗುತ್ತದೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರಂತೂ ಬೋಲ್ಟು ಪಿಸ್ಟನ್ನಿನ ಹಾಗೆ ಒತ್ತಿ ಹೌಸಿಂಗನ್ನೇ ಸೀಳಬಹುದು.

ಮಧ್ಯೆ ಒಮ್ಮೆ "ಮೇಷ್ಟ್ರೇ, ಒಂದು ಹಾಕ್ತೀರಾ?" ಅಂತ ಮೇಸ್ತ್ರಿ ಸ್ಪ್ಯಾನರ್ ಚಾಚಿದರು. ಪಂಚೆ ಎತ್ತಿ ಕಟ್ಟಿ ಗೋಣಿ ಮೇಲೆ ಮಲಗಿದೆ. ಬಲಕ್ಕೆ ತಿರುಗಿಸಿದರೆ ಬಿಗಿ ಅಂತ ಮಕ್ಕಳಿಗೆ ಹೇಳಿಕೊಟ್ಟವನು. ಅಂಗಾತ ಮಲಗಿ, ತಲೆ ಹಿಂಬದಿಗೆ, ಬೋಲ್ಟಿನ ತಲೆ ಆಚೆ ಕಡೆಗೆ ತಿರುಗಿಕೊಂಡಿರುವಾಗ ಯಾವುದು ಬಲ? ಸಡಿಲ ಮಾಡಿದೆ. ಹುಡುಗ ನಗು ತಡೆಯಲು ಟೂಲ್ ಬಾಕ್ಸಿನಲ್ಲಿ ಏನೋ ಹುಡುಕಿದ.

ಹನ್ನೆರಡು ಗಂಟೆ, ಒಂದು ಪರೀಕ್ಷೆ

ಇಷ್ಟು ಸಾಕು ಅಂತ ಕೈಗೆ ಹೇಗೆ ಗೊತ್ತಾಗುತ್ತದೆ? ಎರಡು ದಿನದಿಂದ ಕಾಡಿದ ಪ್ರಶ್ನೆ, ಕೇಳಿಯೇಬಿಟ್ಟೆ. ಮೇಸ್ತ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊಬ್ಬರಿ ಮಿಠಾಯಿಗೆ ಪಾಕದ ಹದ ಹೇಗೆ ಗೊತ್ತಾಗುತ್ತೆ ಅಂತ ನನ್ನ ಹೆಂಡತಿಯನ್ನು ಕೇಳಿದರೂ ಇದೇ ಮುಖ ಮಾಡುತ್ತಾಳೆ.

ಸ್ಪ್ಯಾನರಿನ ಉದ್ದದಲ್ಲೇ ಒಂದು ಅಳತೆ ಅಡಗಿದೆ ಅಂತ ನನ್ನ ಅನುಮಾನ. ಹದಿನೇಳರ ರಿಂಗು ಸುಮಾರು ಗೇಣುದ್ದ ಚಿಲ್ಲರೆ, ಕಾಲು ಮೀಟರ್. ಅದರ ತುದಿಯಲ್ಲಿ ಇಪ್ಪತ್ತು ಕಿಲೋ ಬಲ ಹಾಕಿದರೆ ಐದು ಕಿಲೋ-ಮೀಟರ್ (ದಾರಿಯದಲ್ಲ, ತಿರುಚುವ ಬಲದ್ದು), ಅಂದರೆ 49 ನ್ಯೂಟನ್-ಮೀಟರ್. ಈ ದಪ್ಪದ 8.8 ಬೋಲ್ಟಿಗೆ ಸಾಮಾನ್ಯ ಕೋಷ್ಟಕಗಳು ಹೇಳುವುದೂ 45ರಿಂದ 50. ಗಾಡಿಯ ಮ್ಯಾನುಯಲ್ಲು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆ ಮಾತು, ಅದು ಬೇರೆ ವಿಷಯ. ಸಣ್ಣ ಬೋಲ್ಟಿಗೆ ಗಿಡ್ಡ ಸ್ಪ್ಯಾನರು, ದೊಡ್ಡದಕ್ಕೆ ಉದ್ದದ್ದು, ಕೈಬಲ ಒಂದೇ. ಹದಿನೇಳರ ರಿಂಗಿಗೆ ಒಂದು ಪೈಪು ಸಿಕ್ಕಿಸಿ ಮುಕ್ಕಾಲು ಮೀಟರ್ ಮಾಡಿಕೊಂಡರೆ ಲೆಕ್ಕವೆಲ್ಲ ಮೂರು ಪಟ್ಟು. ಕಿವಿ ಸೀಳಿದ ಗ್ಯಾರೇಜಿನಲ್ಲಿ ಒಂದು ಪೈಪು ಇದ್ದಿರಲೇಬೇಕು.

ಮೇಸ್ತ್ರಿ ಹತ್ತಿರ ಟಾರ್ಕ್ ರೆಂಚೂ ಇದೆ. ಸಿಲಿಂಡರ್ ಹೆಡ್ಡಿಗೆ ಮಾತ್ರ ಹೊರಬರುವ ದೇವರು. ಬಟ್ಟೆ ಸುತ್ತಿ, ಸ್ಪ್ರಿಂಗ್ ಸಡಿಲ ಮಾಡಿ ಇಟ್ಟಿದ್ದರು. ನನ್ನ ಒತ್ತಾಯಕ್ಕೆ ತೆಗೆದು 45ಕ್ಕೆ ತಿರುಗಿಸಿದರು. ಅವರು ಕೈಯಲ್ಲಿ ಬಿಗಿದ ಬೋಲ್ಟಿಗೆ ಹಾಕಿದರೆ 'ಕಟಕ್'. ಬೋಲ್ಟು ಕದಲಲಿಲ್ಲ. ಹುಡುಗ ಬಿಗಿದಿದ್ದಕ್ಕೂ 'ಕಟಕ್'. ಇಬ್ಬರೂ ಪಾಸು ಅಂದೆ.

"ಅಲ್ಲ" ಅಂದರು ಮೇಸ್ತ್ರಿ. ಎರಡೂ ತಲೆಗಳಿಂದ ಹೌಸಿಂಗಿನ ತನಕ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಾಲು ಸುತ್ತು ಬಿಚ್ಚಿ, ರೆಂಚಿನಲ್ಲಿ ಮತ್ತೆ ಬಿಗಿದರು. ಅವರ ಬೋಲ್ಟಿನಲ್ಲಿ ಗೆರೆ ಗೆರೆಗೆ ಹೆಚ್ಚುಕಡಿಮೆ ಸೇರುವಾಗ ಕಟಕ್ ಅಂದಿತು. ಹುಡುಗನದರಲ್ಲಿ ಗೆರೆ ಸೇರಲು ಇನ್ನೂ ಸ್ವಲ್ಪ ದೂರ ಇರುವಾಗಲೇ ಕಟಕ್. ಅಷ್ಟು ಜಾಸ್ತಿ ಬಿಗಿದಿದ್ದ. ರೆಂಚು ಹೇಳುವುದು "ಕಮ್ಮಿ ಇಲ್ಲ" ಅಂತ ಮಾತ್ರ, "ಜಾಸ್ತಿ ಇಲ್ಲ" ಅಂತ ಹೇಳಲು ಅದಕ್ಕೆ ಬಾರದು. ವಿಜ್ಞಾನದ ಮೇಷ್ಟ್ರಿಗೆ ಇದು ಹೊಳೆಯಬೇಕಿತ್ತು.

ಆದರೂ ನನ್ನ ತಕರಾರು ಒಂದಿದೆ. ರೆಂಚು ಅಳೆಯುವುದು ತಿರುಚುವ ಬಲ. ನಮಗೆ ಬೇಕಾದ್ದು ಹಿಗ್ಗು. ನೂರರಲ್ಲಿ ತೊಂಬತ್ತು ಉಜ್ಜಾಟಕ್ಕೆ ಹೋಗುವ ಲೆಕ್ಕದಲ್ಲಿ, ತುಕ್ಕು ಹಿಡಿದ ಬೋಲ್ಟಿಗೂ ಹೊಸದಕ್ಕೂ ಅದು ಒಂದೇ ಥರ ಕಟಕ್ ಅನ್ನುತ್ತದೆ. ಹಾಗಾದರೆ ಅದೂ ಒಂದು ಊಹೆಯೇ, ಕೈಗಿಂತ ಸ್ವಲ್ಪ ನಿಯತ್ತಿನದು.

ಅದೇ ದಿನ, ಟೀ ಹೊತ್ತು

ಸ್ಪ್ರಿಂಗ್ ವಾಷರ್ ಎಲ್ಲ ಹೊಸದೇ ಹಾಕಿದ್ದರು. ಬೋಲ್ಟು ಬಿಚ್ಚಿಕೊಳ್ಳದಿರಲಿ ಅಂತ. ಬಿಗಿದ ಮೇಲೆ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತದೆ, ತಡೆಯುವ ಶಕ್ತಿ ಏನೂ ಉಳಿಯುವುದಿಲ್ಲ ಅಂತ ನಾಸಾದವರು 1990ರ ತಮ್ಮ ಕೈಪಿಡಿಯಲ್ಲಿ ಬರೆದಿದ್ದಾರೆ. ಅದಕ್ಕೂ ಮುಂಚೆ, 1969ರಲ್ಲಿ, ಗೆರ್ಹಾರ್ಡ್ ಯುಂಕರ್ ಅನ್ನುವ ಎಂಜಿನಿಯರ್ ಬೋಲ್ಟನ್ನು ಬಿಚ್ಚಿಸುವುದು ಮುಖ್ಯವಾಗಿ ಅಡ್ಡಡ್ಡ ಅಲುಗಾಟ ಅಂತ ಯಂತ್ರದಲ್ಲಿ ಅಲುಗಿಸಿ ತೋರಿಸಿದ್ದ. ಇದನ್ನು ಹೇಳಿದೆ. ಮೇಸ್ತ್ರಿ ಟೀ ಮುಗಿಸಿ, "ಇರ್ಲಿ ಬಿಡಿ, ಎರಡು ರೂಪಾಯಿದು" ಅಂದರು. ಆಮೇಲೆ ಒಂಬತ್ತೂ ತಲೆಗಳಿಂದ ಹೌಸಿಂಗಿನ ತನಕ ಹಳದಿ ಪೇಂಟಿನಲ್ಲಿ ಗೆರೆ ಎಳೆದರು. ಬೋಲ್ಟು ಕದಲಿದರೆ ಗೆರೆ ತಪ್ಪುತ್ತದೆ. ನಾನು ಎರಡು ದಿನದಲ್ಲಿ ಕಂಡ ಅತಿ ಅಗ್ಗದ ವೈಜ್ಞಾನಿಕ ಉಪಕರಣ ಇದು.

ಹದಿನೈದು ದಿನದ ಮೇಲೆ

ಲೋಡಿನಲ್ಲಿ ನಾಲ್ಕೈದು ಸಲ ಓಡಿಸಿ ತೋರಿಸಿ ಅಂದಿದ್ದರು. ಭಾವಮೈದ ಗಾಡಿ ತಂದ. ಕೊರ್ ಸದ್ದು ನಿಂತಿದೆ. ಮೇಸ್ತ್ರಿ ಟಾರ್ಚ್ ಹಿಡಿದು ಕೆಳಗೆ ತೂರಿದರು, ಅವರ ಹಿಂದೆ ನಾನೂ. ಕೆಳಗಿನ ಆರು ಗೆರೆ ನೆಟ್ಟಗಿದ್ದವು. ಮೇಲಿನ ಎರಡನ್ನು ಅವರು ಬೆರಳಲ್ಲಿ ಮುಟ್ಟಿ ಹ್ಞೂಂಗುಟ್ಟಿದರು. ಗೆರೆ ಬೆರಳಿಗೆ ಹೇಗೆ ತಿಳಿಯಿತು ಅಂತ ಈ ಸಲ ಕೇಳಲಿಲ್ಲ.

ಒಂಬತ್ತನೆಯದು ವೆಲ್ಡಿಂಗ್ ಮಾಡಿದ ಎಡಗಿವಿಯದು. ಅದರ ಮೇಲೆ ಕೆಸರು ಒಣಗಿ ಕೂತಿತ್ತು. ಹೆಬ್ಬೆರಳಿನಿಂದ ಉಜ್ಜಿದರು. ಹಳದಿ ಅರ್ಧ ಅಳಿಸಿಹೋಗಿದೆ. ಉಳಿದ ಅರ್ಧ ನೆಟ್ಟಗಿದೆಯೋ ತುಸು ಓರೆಯೋ, ನನಗೆ ತಿಳಿಯಲಿಲ್ಲ. ಮೇಸ್ತ್ರಿ ಟಾರ್ಚನ್ನು ಒಂದು ಕಡೆಯಿಂದ ಬಿಟ್ಟರು, ಇನ್ನೊಂದು ಕಡೆಯಿಂದ ಬಿಟ್ಟರು. ಆಮೇಲೆ ಹೊರಗೆ ಕೈ ಚಾಚಿದರು.

"ಹದಿನೇಳು ಕೊಡೋ."