ಅವ್ವನ ಎರಡು ತಾಸು

ನೆಹರು ನಗರದ ನಮ್ಮ ಮನೆಯ ಕಟ್ಟೆಗೆ ಸಂಜೆ ಚಹಾಕ್ಕೆ ಬರುವ ಗೆಳೆಯರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ವಿಧಾನಸಭೆಯಲ್ಲಿ ಗದ್ದಲವಾದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅವರ ಚಹಾ ಆರಿಯೇ ಹೋಗುತ್ತದೆ.

"ಸಿಂಗಾಪುರ ನೋಡ್ರಿ ಸರ. 1965ರಾಗ ಸ್ವತಂತ್ರ ಆತು. ಲೀ ಕ್ವಾನ್ ಯೂ ಒಬ್ಬಾವ ಗಟ್ಟಿ ಕುಂತ, ದೇಶ ಎಲ್ಲಿಗೆ ಹೋತು! ನಮ್ದು ಬರೇ ಇಲೆಕ್ಷನ್ನು."

ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ವೋಟು ಹಾಕಿದ ಮಾತ್ರಕ್ಕೆ ದೇಶ ಸಿರಿವಂತವಾಗುವುದಿಲ್ಲ. ಆದರೆ ಆಗೆಲ್ಲ ನನ್ನ ಮನಸ್ಸು ಹೋಗುವುದು ಸಿಂಗಾಪುರಕ್ಕಲ್ಲ, ಖಾನಾಪುರಕ್ಕೆ.

ಖಾನಾಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮಳೆಗೇನೂ ಕೊರತೆಯಿರಲಿಲ್ಲ. ಬೇಸಿಗೆಯಲ್ಲಿ ಮಾತ್ರ ಅವ್ವ ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ಹಳ್ಳದ ಒರತೆಯಿಂದ ನೀರು ತರಬೇಕಿತ್ತು. ದಿನಕ್ಕೆ ಎರಡು ತಾಸು ಅದಕ್ಕೇ ಹೋಗುತ್ತಿತ್ತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರ ಬಂದಿತು. ಅದರಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡರು. ನಮ್ಮ ಓಣಿಗೂ ಬೋರಿಂಗು ಬಂತು.

ಆ ಸಾಬರೇ ಮುಂದೆ ನಿಂತು ರೂಪಿಸಿದ ವ್ಯವಸ್ಥೆಯಲ್ಲಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ. ನಮ್ಮ ಓಣಿಯ ಅಕ್ಕನೊಬ್ಬಳು ಮಂಡಲದ ಸದಸ್ಯೆಯಾದಳು. ಒಮ್ಮೆ ಬೋರಿಂಗು ಕೆಟ್ಟು ನಿಂತಾಗ ಅವ್ವ ನೇರವಾಗಿ ಅವಳ ಬಾಗಿಲಿಗೆ ಹೋದಳು: "ವೋಟು ಬೇಕಾದಾಗ ನೀ ಬಂದಿದ್ದಿ. ಈಗ ನಾ ಬಂದೀನಿ ನೋಡವಾ." ಎಂಟು ದಿನದಲ್ಲಿ ದುರಸ್ತಿಯಾಯಿತು.

ಉಳಿದ ಎರಡು ತಾಸಿನಲ್ಲಿ ಅವ್ವ ಒಂದು ಎಮ್ಮೆ ಸಾಕಿದಳು. ನಾನು ಬೆಳಗಾವಿಗೆ ಬಂದು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಹಾಲಿನ ದುಡ್ಡಿನಿಂದ. ಆರ್ಥಿಕ ಬೆಳವಣಿಗೆ ಎಂಬ ಮಾತು ಕೇಳಿದಾಗ ನನಗೆ ಇಂದಿಗೂ ಆ ಎಮ್ಮೆಯೇ ಕಾಣುತ್ತದೆ.

1992ರಲ್ಲಿ ಅವಧಿ ಮುಗಿಯಿತು. ಹೊಸ ಚುನಾವಣೆ ಕೂಡಲೇ ನಡೆಯಲಿಲ್ಲ. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದರು. ಬೋರಿಂಗು ಮತ್ತೆ ಕೆಟ್ಟಿತು. ಅರ್ಜಿ ಬರೆದುಕೊಟ್ಟೆವು, ಓದುವವರಿಗೆ ನಮ್ಮ ವೋಟಿನ ಗರಜು ಇರಲಿಲ್ಲ. ಆ ಬೇಸಿಗೆ ಪೂರ್ತಿ ಅವ್ವ ಮತ್ತೆ ಹಳ್ಳಕ್ಕೆ ಹೋದಳು. ಎಮ್ಮೆ ಮಾರಿದೆವು.

ಇದನ್ನೇ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು ದೊಡ್ಡ ಅಳತೆಯಲ್ಲಿ ತೋರಿಸಿದರು. 1943ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ, ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1958ರ ನಂತರ ಚೀನಾದಲ್ಲಿ ಕೋಟಿಗಟ್ಟಲೆ ಸತ್ತರು. ಚುನಾವಣೆಯೂ ಸ್ವತಂತ್ರ ಪತ್ರಿಕೆಗಳೂ ಇರುವ ದೇಶದಲ್ಲಿ ಅಂಥ ಕ್ಷಾಮ ಬರುವುದಿಲ್ಲ ಎಂದರು ಅವರು. ಬಂದರೆ ಆಳುವವರ ಕುರ್ಚಿ ಉಳಿಯುವುದಿಲ್ಲ ತಾನೆ!

ಸಿಂಗಾಪುರಕ್ಕೆ ಒಳ್ಳೆಯ ಒಡೆಯ ಸಿಕ್ಕ. ಸಿಗದಿದ್ದರೆ? ಪ್ರಜಾಪ್ರಭುತ್ವ ಹಣ ಹುಟ್ಟಿಸುತ್ತದೋ ಇಲ್ಲವೋ, ಕೆಟ್ಟದ್ದನ್ನು ದುರಸ್ತಿ ಮಾಡಿಸಲು ಒಂದು ಬಾಗಿಲನ್ನಂತೂ ಕೊಡುತ್ತದೆ. ಆ ಬಾಗಿಲನ್ನು ನಾವೇ ಮುಚ್ಚುತ್ತೇವೆ ಎಂಬುದೇ ದುಃಖ. 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ, ತಾಲೂಕು ಪಂಚಾಯತಿಗಳು ವರ್ಷಗಟ್ಟಲೆ ಚುನಾವಣೆ ಕಾಣಲಿಲ್ಲ.

ಇದನ್ನೆಲ್ಲ ಕೇಳಿ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಮ್ಮಿ ಮಾರಬಾರದಿತ್ರಿ" ಎಂದರು. ನಾನು ಬಿಸಿ ಚಹಾ ತರಲು ಒಳಗೆ ಹೋದೆ.