ಲೆ ಮಾನ್ ನಗರದ ಓಟದ ಬೀದಿ

ಫ್ರಾನ್ಸ್ ದೇಶಕ್ಕೆ ಹೋದವರು ಪ್ಯಾರಿಸ್ ಪಟ್ಟಣವನ್ನು ನೋಡಿ ಅಷ್ಟರಿಂದಲೇ ತೃಪ್ತರಾಗಿ ಹಿಂದಿರುಗುವುದು ವಾಡಿಕೆ. ನಾವೂ ಹಾಗೆಯೇ ಮಾಡುತ್ತಿದ್ದೆವೋ ಏನೋ. ಆದರೆ ನಮ್ಮೊಡನೆ ಬಂದಿದ್ದ ಹದಿನಾರು ವರ್ಷದ ಸೋದರಳಿಯನಿಗೆ ಮೋಟಾರು ಗಾಡಿಗಳೆಂದರೆ ಪ್ರಾಣ. ಅವನ ಒತ್ತಾಯಕ್ಕೆ ಕಟ್ಟುಬಿದ್ದು ಜೂನ್ ತಿಂಗಳ ಒಂದು ಶನಿವಾರ ಬೆಳಗ್ಗೆ ಮೊಂಪಾರ್ನಾಸ್ ನಿಲ್ದಾಣದಲ್ಲಿ ವೇಗದ ರೈಲನ್ನೇರಿ, ಸುಮಾರು ಒಂದು ಗಂಟೆಯಲ್ಲಿ ಲೆ ಮಾನ್ ನಗರವನ್ನು ಸೇರಿದೆವು.

ಈ ನಗರವು ಸಾರ್ತ್ ನದಿಯ ದಡದಲ್ಲಿದೆ. ರೋಮನರು ಕಟ್ಟಿದ ಕೋಟೆಯ ಗೋಡೆಯೂ, ಸಂತ ಜೂಲಿಯನ್ನನ ಹೆಸರಿನ ಭವ್ಯವಾದ ದೇವಾಲಯವೂ ಯಾತ್ರಿಕನ ಕಣ್ಣನ್ನು ಸೆಳೆಯುತ್ತವೆ. ಆದರೆ ಜಗತ್ತು ಈ ಊರಿನ ಹೆಸರನ್ನು ಅರಿತಿರುವುದು ಬೇರೊಂದು ಕಾರಣದಿಂದ. 1923ನೆಯ ಇಸವಿಯಿಂದ ಇಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಮೋಟಾರು ಓಟವು ನಡೆದುಬಂದಿದೆ. ಓಟದ ದಾರಿಯು ಸುಮಾರು 13.6 ಕಿಲೋಮೀಟರು ಉದ್ದ. ಅದರ ಬಹುಭಾಗವು ಊರವರು ದಿನವೂ ತಿರುಗಾಡುವ ಬೀದಿಯೇ ಆಗಿದೆ. ಇಂದು ರೈತನ ಲಾರಿ ಹೋಗುವ ಮುಲ್ಸಾನ್ ರಸ್ತೆಯಲ್ಲಿಯೇ ನಾಳೆ ಓಟದ ಗಾಡಿಗಳು ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹಾಯುವುವು.

ಟ್ರಾಮಿನಿಂದಿಳಿದು ಜನಸಾಗರದಲ್ಲಿ ಸೇರಿದೆವು. 2023ರಲ್ಲಿ ನೂರನೆಯ ವರ್ಷದ ಉತ್ಸವಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನರು ಬಂದಿದ್ದರೆಂದರೆ ಆ ಸಂದಣಿಯನ್ನು ವಾಚಕರು ಊಹಿಸಿಕೊಳ್ಳಬಹುದು. ನಮ್ಮ ದೊಡ್ಡ ಜಾತ್ರೆಗಳಂತೆಯೇ ಅಲ್ಲಿಯೂ ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಂದೆಯರು, ಬುತ್ತಿಯ ಬುಟ್ಟಿ ಹಿಡಿದ ತಾಯಂದಿರು, ಕೋಲೂರಿದ ಮುದುಕರು. ಸೋದರಳಿಯನು ಎಲ್ಲರಿಗಿಂತ ಮುಂದೆ ಹೋಗಿ, ತಂತಿಬೇಲಿಯ ಬುಡದ ಕಂಬಿಯನ್ನೇರಿ ನಿಂತನು. ಕಿತ್ತಳೆ ಬಣ್ಣದ ಉಡುಪಿನ ಕಾವಲಿಗನೊಬ್ಬನು ಕೂಡಲೆ ಬಂದು ಅವನನ್ನು ಇಳಿಸಿ, ಹಿಂದಕ್ಕೆ ಸರಿಯೆಂದು ಕೈಸನ್ನೆ ಮಾಡಿದನು. ಅಷ್ಟು ದೂರದಿಂದ ಬಂದವರನ್ನು ಹೀಗೆ ತಡೆಯಬೇಕೆ ಎಂದು ನಮಗೂ ಒಳಗೊಳಗೆ ಮುನಿಸುಂಟಾಯಿತು. ಆ ಮುನಿಸು ಬಹಳ ಹೊತ್ತು ನಿಲ್ಲಲಿಲ್ಲ. ಹತ್ತಿರದಲ್ಲಿಯೇ ಇದ್ದ ಒಂದು ಸ್ಮಾರಕ ಫಲಕವು ನಮ್ಮ ಬಾಯನ್ನು ಕಟ್ಟಿತು.

ಅದು 1955ನೆಯ ಇಸವಿ ಜೂನ್ 11ರಂದು ಮಡಿದವರ ಸ್ಮಾರಕ. ಆ ದಿನ ಸಂಜೆ ನಾಲ್ಕು ಗಂಟೆಗೆ ಓಟವು ಮೊದಲಾಗಿದ್ದಿತು. ಗಾಡಿಗಳಿಗೆ ಎಣ್ಣೆ ತುಂಬುವ ಮತ್ತು ಚಕ್ರ ಬದಲಾಯಿಸುವ ಕಟ್ಟೆಗಳಿಗೆ ಪಿಟ್ಟುಗಳೆಂದು ಹೆಸರು. ಅವು ಆಗ ದಾರಿಯ ಅಂಚಿನಲ್ಲಿಯೇ ಇದ್ದವು, ನಡುವೆ ಗೋಡೆಯಿರಲಿಲ್ಲ. ಎದುರುಗಡೆ ಜನರಿಗೂ ಗಾಡಿಗಳಿಗೂ ನಡುವೆ ಇದ್ದುದು ಸುಮಾರು ನಾಲ್ಕು ಅಡಿ ಎತ್ತರದ ಮಣ್ಣಿನ ದಿಬ್ಬವೊಂದೇ. ಆರೂವರೆ ಗಂಟೆಯ ಸುಮಾರಿಗೆ ಹಾಥಾರ್ನ್ ಎಂಬ ಸವಾರನು ಪಿಟ್ಟಿಗೆ ಹೋಗಲು ತನ್ನ ಜಾಗ್ವಾರ್ ಗಾಡಿಯ ವೇಗವನ್ನು ತಗ್ಗಿಸಿದನು. ಅವನ ಹಿಂದಿದ್ದ ಮ್ಯಾಕ್ಲಿನ್ನನು ಡಿಕ್ಕಿಯನ್ನು ತಪ್ಪಿಸಲು ಎಡಕ್ಕೆ ಸರಿದನು. ಅತಿವೇಗದಿಂದ ಬರುತ್ತಿದ್ದ ಲವೆಗ್ ಎಂಬವನ ಮರ್ಸಿಡಿಸ್ ಗಾಡಿಯು ಮ್ಯಾಕ್ಲಿನ್ನನ ಗಾಡಿಯ ಹಿಂಭಾಗವನ್ನು ಏರಿ, ಮೇಲಕ್ಕೆ ಹಾರಿ, ಮಣ್ಣಿನ ದಿಬ್ಬಕ್ಕೆ ಅಪ್ಪಳಿಸಿ ಛಿದ್ರವಾಯಿತು. ಅದರ ಯಂತ್ರವೂ ಮುಂಭಾಗದ ಅಚ್ಚೂ ಜನರ ನಡುವೆ ಹಾದುಹೋದವು. ಎಂಬತ್ತಕ್ಕೂ ಮಿಕ್ಕ ಪ್ರೇಕ್ಷಕರೂ ಲವೆಗನೂ ಸತ್ತರು. ಗಾಡಿಯ ಮೈಯಲ್ಲಿ ಮೆಗ್ನೀಸಿಯಮ್ ಲೋಹವು ಬೆರೆತಿದ್ದುದರಿಂದ, ನೀರು ಹಾಕಿದಷ್ಟೂ ಬೆಂಕಿಯು ಹೆಚ್ಚಿತು.

ಓಟವನ್ನು ನಿಲ್ಲಿಸಲಿಲ್ಲ. ಜನರೆಲ್ಲರೂ ಒಮ್ಮೆಗೇ ಹೊರಟರೆ ಗಾಯಗೊಂಡವರನ್ನು ಸಾಗಿಸುವ ಗಾಡಿಗಳಿಗೆ ದಾರಿ ಕಟ್ಟಿಹೋದೀತೆಂಬುದು ವ್ಯವಸ್ಥಾಪಕರು ಕೊಟ್ಟ ಕಾರಣ. ಹಾಗೆ ಮಾಡಿದುದು ಸರಿಯೆ ಎಂದು ಇಂದಿಗೂ ಚರ್ಚಿಸುವವರುಂಟು. ವಿಚಾರಣೆಯಲ್ಲಿ ಯಾವ ಸವಾರನ ಮೇಲೆಯೂ ಅಪರಾಧವನ್ನು ಹೊರಿಸಲಿಲ್ಲ. ದೋಷವಿದ್ದುದು ದಾರಿಯ ರಚನೆಯಲ್ಲಿ ಎಂದು ಕಂಡುಬಂದಿತು. ಯೋಚಿಸಿದರೆ ಇದು ಸ್ಪಷ್ಟವಾಗುವುದು. 1923ರಲ್ಲಿ ಗೆದ್ದ ಗಾಡಿಯ ಸರಾಸರಿ ವೇಗ ಗಂಟೆಗೆ ಸುಮಾರು 92 ಕಿಲೋಮೀಟರು. 1955ರ ಅತಿವೇಗದ ಸುತ್ತಿನಲ್ಲಿ ಅದು 196ಕ್ಕೂ ಮೇಲೇರಿದ್ದಿತು. ಗಾಡಿಯು ಇಮ್ಮಡಿಯಾಗಿ ಬೆಳೆಯಿತು. ಅದರೊಡನೆ ದಾರಿಯು ಬೆಳೆಯಲಿಲ್ಲ, ದಿಬ್ಬವೂ ಬೆಳೆಯಲಿಲ್ಲ.

ಬಳಿಕ ಹಳೆಯ ಪಿಟ್ಟುಗಳನ್ನು ಕೆಡವಿ ಹಿಂದಕ್ಕೆ ಸರಿಸಿದರು. ದಾರಿಯನ್ನು ಅಗಲಿಸಿ, ಪ್ರೇಕ್ಷಕರ ಮಂಟಪವನ್ನು ದೂರಮಾಡಿ, 1956ರ ಓಟವನ್ನು ಜುಲೈ ತಿಂಗಳಿಗೆ ಮುಂದೂಡಿ ನಡೆಸಿದರು. ಸ್ವಿಟ್ಜರ್ಲೆಂಡ್ ದೇಶವು ಇಂತಹ ಓಟಗಳನ್ನೇ ನಿಷೇಧಿಸಿತು. ಆ ನಿಷೇಧವು ಬಹಳ ಕಾಲ ಉಳಿಯಿತು. ಓಟದ ಆರಂಭದಲ್ಲಿ ಸವಾರರು ದಾರಿಯನ್ನು ಅಡ್ಡಹಾಯ್ದು ಓಡಿ ಗಾಡಿಯನ್ನೇರುವ ಪದ್ಧತಿಯೊಂದಿತ್ತು. ಅವಸರದಲ್ಲಿ ನಡುಪಟ್ಟಿಯನ್ನು ಕಟ್ಟಿಕೊಳ್ಳದೆ ಹೊರಡುವುದು ಅಪಾಯವೆಂದು ತೋರಿಸಲು, 1969ರಲ್ಲಿ ಜಾಕಿ ಇಕ್ಸ್ ಎಂಬವನು ಓಡದೆ ಮೆಲ್ಲನೆ ನಡೆದುಹೋಗಿ, ಎಲ್ಲರಿಗಿಂತ ಹಿಂದೆ ಹೊರಟನು. ಕಡೆಗೆ ಗೆದ್ದವನೂ ಅವನೇ! ಮರುವರ್ಷ ಆ ಪದ್ಧತಿಯು ನಿಂತಿತು.

ಪ್ರೇಕ್ಷಕರನ್ನು ದೂರ ಸರಿಸಬಹುದು. ದಾರಿಯ ಬದಿಯಲ್ಲಿಯೇ ನಿಂತು ದುಡಿಯುವವರ ಗತಿಯೇನು? ನಮ್ಮ ಸೋದರಳಿಯನನ್ನು ಇಳಿಸಿದಂತಹ ಕಾವಲಿಗರು ಅಲ್ಲಿ ಸಾವಿರಕ್ಕೂ ಮಿಕ್ಕಿ ಇದ್ದಾರೆ. ಬಾವುಟ ಬೀಸುವವರು, ಬೆಂಕಿ ಆರಿಸುವವರು, ಚೂರುಗಳನ್ನು ಆಯುವವರು. ಇವರಲ್ಲಿ ಹೆಚ್ಚಿನವರು ಸ್ವಇಚ್ಛೆಯಿಂದ ಬಂದವರು. 1981ರಲ್ಲಿ ಮುಲ್ಸಾನ್ ರಸ್ತೆಯಲ್ಲಿ ಗಾಡಿಯೊಂದು ಮುರಿದು ಅದರ ಚೂರುಗಳು ಬಡಿದು ಇಂತಹ ಕಾವಲಿಗನೊಬ್ಬನು ಸತ್ತನು, ಇಬ್ಬರು ಗಾಯಗೊಂಡರು. 1990ರಲ್ಲಿ ಆ ನೇರ ರಸ್ತೆಯ ನಡುವೆ ಎರಡು ಕಡೆ ಸೊಟ್ಟ ತಿರುವುಗಳನ್ನು ಮಾಡಿ ವೇಗವನ್ನು ಮುರಿದರು. ಇನ್ನೊಂದು ಕ್ರಮವೂ ಇದೆ: ಕಾವಲಿಗರು ದಾರಿಗಿಳಿದು ಕೆಲಸಮಾಡುವಾಗ ಅಷ್ಟು ಭಾಗದಲ್ಲಿ ಗಾಡಿಗಳು ಗಂಟೆಗೆ 80 ಕಿಲೋಮೀಟರಿನ ಮೇಲೆ ಹೋಗಕೂಡದು. ಪಿಟ್ಟುಗಳ ಮುಂದಿನ ಓಣಿಯಲ್ಲಿ ಮಿತಿಯು 60 ಕಿಲೋಮೀಟರು.

ರಾತ್ರಿ ಒಂದು ಗಂಟೆಗೆ ನಾವು ಕಂಬಳಿ ಹೊದ್ದು ಕುಳಿತಿದ್ದೆವು. ಕೆಳಗೆ ಆ ಕಾವಲಿಗರು ಬಾವುಟ ಹಿಡಿದು, ದಾರಿಗೆ ಬೆನ್ನುಮಾಡದೆ ನಿಂತೇ ಇದ್ದರು. ಸೋದರಳಿಯನು ಬಹಳ ಹೊತ್ತು ಅವರನ್ನೇ ನೋಡುತ್ತಿದ್ದು, "ಅವರಿಗೆ ಓಟ ಕಾಣುವುದೇ ಇಲ್ಲವಲ್ಲ, ಬರಿಯ ಅಪಾಯವನ್ನೇ ನೋಡಬೇಕಲ್ಲ!" ಎಂದನು. ಬೆಳಗ್ಗೆ ನಾವು ಹೇಳದೆಯೇ ಅವನು ಬೇಲಿಯಿಂದ ಹಿಂದೆ ಸರಿದು ನಿಂತನು.

ಇದು ದೂರದೇಶದ ಮಾತಷ್ಟೆ ಎಂದು ವಾಚಕರು ಬಿಡತಕ್ಕದ್ದಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿಯೂ ಮೋಟಾರು ರ್ಯಾಲಿಗಳು ನಡೆದಿವೆ. ಅಂತಹ ದಾರಿಗೆ ಉದ್ದಕ್ಕೂ ಗೋಡೆ ಕಟ್ಟಲಾಗದು. ದೂರವೇ ಅಲ್ಲಿ ಗೋಡೆ. ಆದುದರಿಂದ ನೋಡಹೋದವರು ದಾರಿಗಿಂತ ಎತ್ತರದ ನೆಲದಲ್ಲಿ ನಿಲ್ಲಬೇಕು. ತಿರುವಿನ ಹೊರಮೈಯಲ್ಲಿ ಎಂದಿಗೂ ನಿಲ್ಲಬಾರದು. ಹತೋಟಿ ತಪ್ಪಿದ ಗಾಡಿಯು ಹೆಚ್ಚಾಗಿ ಅತ್ತಲೇ ಬರುವುದು. ಕುಳಿತುಕೊಳ್ಳದೆ, ಓಡಲು ಹಿಂದೆ ಜಾಗವಿರಿಸಿಕೊಂಡು, ಮಕ್ಕಳ ಕೈ ಹಿಡಿದಿರಬೇಕು. ಕಾವಲಿಗನು ಸರಿಯೆಂದರೆ ಏಕೆಂದು ಕೇಳದೆ ಸರಿಯಬೇಕು. 1955ರ ಆ ಸಂಜೆ ದಿಬ್ಬದ ಹಿಂದೆ ನಿಂತಿದ್ದವರಲ್ಲಿ ಯಾವ ತಪ್ಪೂ ಇರಲಿಲ್ಲ. ಅವರನ್ನು ಹಿಂದೆ ಸರಿಸುವವರಿರಲಿಲ್ಲ, ಅಷ್ಟೆ. ನಮಗೆ ಇದ್ದಾರೆ.